ಕನ್ನಡದಲ್ಲಿ ಜಾಲತಾಣದ ಹೆಸರು: ತೊಡಕು ಎಲ್ಲಿದೆ?

ಪ್ರಶ್ನೆ (ಮಂಡ್ಯ):
ನಮ್ಮ ಆಲೆಮನೆಗೆ ‘.ಭಾರತ’ ಎಂದು ಕೊನೆಗೊಳ್ಳುವ ಕನ್ನಡ ವಿಳಾಸವನ್ನು ಪಡೆದಿದ್ದೇನೆ. ಅದನ್ನು ಬ್ರೌಸರಿನಿಂದ ನಕಲಿಸಿ ಗಿರಾಕಿಗಳಿಗೆ ಕಳುಹಿಸಿದರೆ ‘ಎಕ್ಸ್‌ಎನ್’ ಎಂದು ಆರಂಭವಾಗುವ, ಓದಲಾಗದ ಅಕ್ಷರಸಾಲು ಹೋಗುತ್ತದೆ. ಏಕೆ?

ಉತ್ತರ 1:
ಅದು ದೋಷವಲ್ಲ, ಪ್ಯೂನಿಕೋಡ್. ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ವ್ಯವಸ್ಥೆಯಲ್ಲಿ ಇಂಗ್ಲಿಷಿನ 26 ಅಕ್ಷರ, 10 ಅಂಕಿ ಮತ್ತು ಅಡ್ಡಗೆರೆಯಷ್ಟೇ ರೂಢಿಯಾಗಿರುವುದರಿಂದ, 2003ರಲ್ಲಿ ಗೊತ್ತುಪಡಿಸಿದ ಈ ಕ್ರಮದಲ್ಲಿ ಕನ್ನಡವನ್ನು ಅವುಗಳಿಗೇ ಇಳಿಸಲಾಗುತ್ತದೆ. ವಿಳಾಸವನ್ನು ನಕಲಿಸದೆ ಕನ್ನಡದಲ್ಲೇ ಟೈಪಿಸಿ ಕಳುಹಿಸಿ.

ಉತ್ತರ 2 (ಮೈಸೂರು):
ನನಗೆ ಲಿಪಿಯ ತೊಡಕೇ ದೊಡ್ಡದೆನಿಸುತ್ತದೆ. ‘ರ್ಯಾಂಕ್’ ಎಂಬುದು ಅರ್ಕಾವೊತ್ತಾಗದೆ ‘ರ‍್ಯಾಂಕ್’ ಎಂದೇ ಮೂಡಲು ಹಲಂತಕ್ಕಿಂತ (ಅಕ್ಷರದ ಸ್ವರ ತೆಗೆಯುವ ‘್’ ಚಿಹ್ನೆ) ಮೊದಲು ಕಣ್ಣಿಗೆ ಕಾಣದ ಒಂದು ಜೋಡಣೆಯ ಗುರುತು ಬೇಕು. ಹೆಸರುಗಳ ನಿಯಮವೋ ಅದನ್ನು ಹಲಂತದ ನಂತರವಷ್ಟೇ ಒಪ್ಪುತ್ತದೆ. ಇನ್ನು ಅನುಸ್ವಾರಕ್ಕೂ ನಮ್ಮ ಸೊನ್ನೆಗೂ (೦) ವ್ಯತ್ಯಾಸ ಹೇಳುವುದು ಪ್ರೂಫ್ ತಿದ್ದುವವರಿಗೂ ಕಷ್ಟ.

ಪ್ರಶ್ನೆ ಕೇಳಿದವರು:
ನಮ್ಮ ಹೆಸರಿನಲ್ಲಿ ಅನುಸ್ವಾರವಿದೆ, ಇವತ್ತೇ ನೋಡುತ್ತೇನೆ.