ಒಂದೇ ಕೋಣೆಯಲ್ಲಿ ಒಂದನೇ–ಎರಡನೇ ತರಗತಿ: ಒತ್ತಕ್ಷರ, ಮರಾಠಿ ಎಣಿಕೆ, ತರಬೇತಿ – ಅನುಭವ ಇರುವವರು ತಿಳಿಸಿ

ಕೇಳಿದ್ದು

ಮುಂಬಯಿಯ ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಗೆ ಈ ಜೂನ್‌ನಲ್ಲಿ ಹೊಸದಾಗಿ ಸೇರಿದ್ದೇನೆ. 1 ಮತ್ತು 2ನೇ ತರಗತಿಗೆ ಒಂದೇ ಕೋಣೆ, ಒಟ್ಟು 24 ಮಕ್ಕಳು. ಮನೆಮಾತು ಕೆಲವರದು ಕಲಬುರಗಿ–ವಿಜಯಪುರದ ಕನ್ನಡ, ಕೆಲವರದು ತುಳು, ಲಂಬಾಣಿ, ತೆಲುಗು. ಬೀದಿಗೆ ಬಂದರೆ ಹಿಂದಿ, ಮರಾಠಿ. ಎರಡನೆಯವರಲ್ಲಿ ಅರ್ಧದಷ್ಟು ಮಕ್ಕಳು ವರ್ಣಮಾಲೆ, ಕಾಗುಣಿತ ಗಡಗಡ ಒಪ್ಪಿಸುತ್ತಾರೆ, ಆದರೆ ‘ಅಜ್ಜಿ’ ಎಂದು ಬರೆದರೆ ಓದಲು ಬರುವುದಿಲ್ಲ. ಲೆಕ್ಕದಲ್ಲಿ 25 ಹೇಳಿದರೆ 52 ಬರೆಯುತ್ತಾರೆ. ಮಧ್ಯಾಹ್ನ ಅದೇ ಕೋಣೆ ಬೇರೆ ಮಾಧ್ಯಮದವರಿಗೆ. ತರಬೇತಿಗಳೆಲ್ಲ ಮರಾಠಿಯಲ್ಲಿ, ಅರ್ಧ ತಲೆಗೆ ಹೋಗುತ್ತದೆ, ಅರ್ಧ ಇಲ್ಲ. ಎಲ್ಲಿಂದ ಹಿಡಿಯಲಿ?

ಸಾಯನ್ ಕಡೆಯ ಟೀಚರ್, ಬಹುವರ್ಗ ಬೋಧನೆ

ಮೇಡಂ, ಮೊದಲ ಪಾಠ ತೆರೆಯುವ ಮುಂಚೆ ಒಂದು ವಾರ ಪ್ರತಿ ಮಗುವಿನ ಓದು ಎಲ್ಲಿ ನಿಂತಿದೆ ಎಂದು ನೋಡಿಕೊಳ್ಳಿ. ಐದು ಚೀಟಿ ಸಾಕು: 10 ಬಿಡಿ ಅಕ್ಷರ, ಗುಣಿತವಿಲ್ಲದ 10 ಪದ (ಮರ, ಸರ, ಜನ, ಅರಸ), ಗುಣಿತದ 10 ಪದ (ಗಿಡ, ಹುಲಿ, ಕಾಗೆ, ಬೇಳೆ), ಒತ್ತಕ್ಷರದ 5 ಪದ, ನಾಲ್ಕು ಸಾಲಿನ ಒಂದು ಪುಟ್ಟ ಭಾಗ. ಯಾವ ಚೀಟಿಯಲ್ಲಿ ಅರ್ಧದಷ್ಟು ತಪ್ಪಾಯಿತೋ ಅಲ್ಲಿಗೆ ನಿಲ್ಲಿಸಿ, ಮುಂದಿನದು ಬೇಡ. ಒಂದು ಮಗುವಿಗೆ ಐದು ನಿಮಿಷ, ದಿನಕ್ಕೆ ಐದು ಮಕ್ಕಳು, ಐದು ದಿನದಲ್ಲಿ ಮುಗಿಯುತ್ತದೆ. ಆದರೆ ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಬರೆಯಬೇಡಿ. ಕ್ರಮದಲ್ಲಿದ್ದರೆ ಮಗು ಅಕ್ಷರ ನೋಡುವುದೇ ಇಲ್ಲ, ಬಾಯಿಪಾಠ ಒಪ್ಪಿಸುತ್ತದೆ.

ಆಮೇಲೆ ಗುಂಪು ಮಾಡುವಾಗ ತರಗತಿ ನೋಡಬೇಡಿ, ಚೀಟಿ ನೋಡಿ. ಒಂದನೆಯ ಚುರುಕು ಮಗು ಎರಡನೆಯವರ ಜೊತೆ ಕೂತರೆ ತಪ್ಪೇನಿಲ್ಲ.

ಕಾಗುಣಿತ ಗಡಗಡ ಬಂದರೂ ಓದು ಬಾರದಿರುವುದಕ್ಕೆ ಕಾರಣ ಇದೆ. ‘ಕ ಕಾ ಕಿ ಕೀ’ ಹಾಡಿನಂತೆ ಕಲಿತ ಮಗುವಿಗೆ ‘ಕು’ ಬೇಕಾದರೆ ‘ಕ’ದಿಂದ ಬೆರಳು ಎಣಿಸುತ್ತ ಬರಬೇಕು. ಹಾಗಾಗಿ ಉದ್ದಕ್ಕೆ ಹೇಳಿಸುವುದನ್ನು ಬಿಟ್ಟು ಅಡ್ಡಕ್ಕೆ ಓದಿಸಿ. ಒಂದು ವಾರ ಇಳಿ ಮಾತ್ರ: ಕಾ, ಗಾ, ಮಾ, ರಾ, ದಾ. ಪದಗಳು ಬಾಲ, ದಾರ, ಮಾವ, ಗಾಳ. ಮುಂದಿನ ವಾರ ಗುಡಿಸು: ಗಿಡ, ಗಿಣಿ, ಕಿವಿ, ಬಿಸಿ. ಆಮೇಲೆ ಕೊಂಬು: ಗುಡಿ, ಕುರಿ, ಹುಲಿ. ಏತ್ವ, ಓತ್ವ ಅನಂತರ. ಕೊಂಬಿನ ವಾರದಲ್ಲಿ ‘ಪು’, ‘ವು’ ಬೇರೆಯಾಗಿ ಎತ್ತಿಕೊಳ್ಳಿ, ಅಲ್ಲಿ ಕೊಂಬು ಪಕ್ಕಕ್ಕೆ ಬಾರದೆ ಕೆಳಗೆ ಅಂಟುತ್ತದೆ. ‘ವು’ ಮತ್ತು ‘ಮ’ ಎರಡನ್ನೂ ಒಂದೇ ದಿನ ಕಲಿಸಿದರೆ ತಿಂಗಳುಗಟ್ಟಲೆ ಗೊಂದಲ. ‘ಹೂವು’ ಅನ್ನು ‘ಹೂಮ’ ಎಂದು ಓದುವುದು ಇಲ್ಲಿಂದಲೇ ಶುರು.

ಈಗ ನಿಮ್ಮ ‘ಅಜ್ಜಿ’. ಮೊದಲು ಕಿವಿಗೆ, ಆಮೇಲೆ ಸ್ಲೇಟಿಗೆ. ಚಪ್ಪಾಳೆ ತಟ್ಟಿ ‘ಅಜ್–ಜಿ’ ಎಂದು ಒಡೆದು ಹೇಳಿಸಿ, ನಡುವೆ ನಾಲಿಗೆ ನಿಲ್ಲುವುದು ಮಗುವಿಗೆ ಗೊತ್ತಾಗಬೇಕು. ಗೊತ್ತಾಗದಿದ್ದರೆ ‘ಅಜಜಿ’ ಎಂದೇ ಬರೆಯುತ್ತದೆ. ಸ್ಲೇಟಿನ ಮೇಲೆ ಎರಡು ಗೆರೆ ಹಾಕಿ: ಮೇಲಿನ ಮನೆಯಲ್ಲಿ ಅಕ್ಷರ, ಕೆಳಗಿನ ಮನೆಯಲ್ಲಿ ಒತ್ತು. ಕಲಿಸುವ ಕ್ರಮ ಹೀಗಿರಲಿ:

ಮೊದಲು ಅದೇ ಅಕ್ಷರ ಅದೇ ಆಕಾರದಲ್ಲಿ ಕೆಳಗೆ ಬರುವವು – ಅಕ್ಕ, ಅಜ್ಜ, ಅಪ್ಪ, ಅವ್ವ, ಹಬ್ಬ, ಬೆಟ್ಟ, ಹಳ್ಳ. ಎರಡು ವಾರ. ಆಮೇಲೆ ಒತ್ತಿನ ಆಕಾರವೇ ಬದಲಾಗುವ ಆರು ಅಕ್ಷರ: ತ, ನ, ಮ, ಯ, ರ, ಲ. ಪದ ಹತ್ತು, ಅನ್ನ, ಅಮ್ಮ, ಅಯ್ಯ, ಕಲ್ಲು. ಇವು ಆರೇ ಎಂದು ಮಕ್ಕಳಿಗೂ ಹೇಳಿ, ಗೋಡೆಗೂ ಹಾಕಿ. ‘ಅಮ್ಮ’ ಮನೆಯ ಮಾತೆಂದು ಮೊದಲ ದಿನವೇ ಬರೆಸುವ ರೂಢಿ ಇದೆ, ಆದರೆ ಮ-ಒತ್ತು ‘ಮ’ದ ಹಾಗೆ ಕಾಣುವುದೇ ಇಲ್ಲ. ‘ಅಪ್ಪ’ನಿಂದ ಶುರು ಮಾಡಿ. ಮೂರನೆಯದು ಬೇರೆ ಬೇರೆ ಅಕ್ಷರ ಸೇರುವವು: ಪುಸ್ತಕ, ಇಷ್ಟ, ಚಿತ್ರ. ‘ಪುತ್ಸಕ’ ಬರೆಯುವ ಮಗು ಯಾವುದು ಮೇಲೆ, ಯಾವುದು ಕೆಳಗೆ ಎಂದು ಇನ್ನೂ ಕೇಳಿಸಿಕೊಂಡಿಲ್ಲ. ಮತ್ತೆ ಚಪ್ಪಾಳೆಗೆ ಹೋಗಿ. ಅರ್ಕಾವತ್ತು ಕಟ್ಟಕಡೆಗೆ.

ಒಂದು ತೊಡಕು ದೊಡ್ಡವರ ಕಣ್ಣಿಗೆ ಬೀಳುವುದೇ ಇಲ್ಲ. ‘ಹಳ್ಳಿ’ಯಲ್ಲಿ ಗುಡಿಸು ಮೇಲಿನ ‘ಳ’ಕ್ಕೆ ಹತ್ತುತ್ತದೆ, ಸದ್ದು ಕೆಳಗಿನ ‘ಳ’ ಮುಗಿದ ಮೇಲೆ ಬರುತ್ತದೆ. ಕಂಡಂತೆ ಓದುವ ಮಗು ‘ಹಳಿಳ’ ಅನ್ನುತ್ತದೆ. ಅದು ಕಣ್ಣಿಗೆ ಕಂಡದ್ದನ್ನು ಸರಿಯಾಗಿಯೇ ಓದುತ್ತಿದೆ ಮೇಡಂ, ದಡ್ಡತನ ಅಲ್ಲ. ಬೆರಳನ್ನು ಮೇಲಿನ ಅಕ್ಷರ, ಒತ್ತು, ಮತ್ತೆ ಮೇಲಿನ ಗುಡಿಸು ಹೀಗೆ ಓಡಿಸುವುದನ್ನು 10–12 ಪದಗಳಲ್ಲಿ ತೋರಿಸಿ.

ಘಾಟ್ಕೋಪರ್‌ನಿಂದ, ನಾಲ್ಕು ವರ್ಗ ಕೂಡಿ ಕಲಿಸುವ ಸರ್

ಸಮಯದ ಮಾತು. ಶಿಕ್ಷಣ ಹಕ್ಕು ಕಾಯ್ದೆ 1ರಿಂದ 5ನೇ ತರಗತಿಗೆ ವರ್ಷಕ್ಕೆ 200 ದಿನ, 800 ಗಂಟೆ ಎನ್ನುತ್ತದೆ, ಅಂದರೆ ದಿನಕ್ಕೆ 4 ಗಂಟೆ. ಅದರಲ್ಲಿ 90 ನಿಮಿಷ ಕನ್ನಡಕ್ಕೆ ಒಂದೇ ಪಟ್ಟಿಗೆ ಇಟ್ಟುಕೊಳ್ಳಿ. 15 ನಿಮಿಷ ಎಲ್ಲರೂ ಸೇರಿ ಹಾಡು, ಕಥೆ, ಮಾತು. 25 ನಿಮಿಷ ನೀವು ಮೇಲಿನ ಗುಂಪಿನ ಜೊತೆ, ಕೆಳಗಿನವರಿಗೆ ಸ್ವಂತ ಕೆಲಸ. 25 ನಿಮಿಷ ಅದಲುಬದಲು. 15 ನಿಮಿಷ ಜೋಡಿ ಓದು. ಕೊನೆಯ 10 ನಿಮಿಷ ಉಕ್ತಲೇಖನ, ಐದೇ ಪದ.

ಸ್ವಂತ ಕೆಲಸ ಎಂದಾಗ ಹೊಸದನ್ನು ಕೊಡಬಾರದು, ನಿನ್ನೆ ಬಂದದ್ದನ್ನೇ ಕೊಡಬೇಕು. ರ, ಗ, ಸ, ದ, ಅ – ಒಂದೊಂದರ ನಾಲ್ಕು ಕಾರ್ಡ್, ಒಟ್ಟು 20 ಒಂದು ಚೀಲದಲ್ಲಿ. ಸರ, ರಸ, ದರ, ಅರಸ, ಅಗಸ ಎಂದು ಜೋಡಿಸಿ ಸ್ಲೇಟಿಗೆ ಇಳಿಸಲಿ. ಏಳು ನಿಮಿಷಕ್ಕೆ ‘ಟೀಚರ್, ಆಯ್ತು’ ಎಂದು ಬಂದೇ ಬರುತ್ತಾರೆ, ಆಗ ನಿಮ್ಮ ಗುಂಪಿನ ಓದು ಕಡಿಯುತ್ತದೆ. ಎರಡನೇ ಕೆಲಸ ಪಕ್ಕದ ಡಬ್ಬಿಯಲ್ಲಿ ಮೊದಲೇ ಇರಲಿ. ನೋಡಿಕೊಳ್ಳಲು ದೊಡ್ಡ ಮಗುವೊಂದನ್ನು ನಾಯಕ ಮಾಡುವುದಾದರೆ ದಿನಾ ಬದಲಿಸಿ. ಜಾಣ ಮಗುವನ್ನೇ ದಿನಾ ಕೂರಿಸಿದರೆ ಅದರ ಓದಿನ 25 ನಿಮಿಷ ದಿನಾ ಹೋಗುತ್ತದೆ, ಅದು ಅನ್ಯಾಯ.

ಕಾರ್ಡು, ಏಣಿಮೆಟ್ಟಿಲು, ಗುಂಪು – ಇದೆಲ್ಲ ಕರ್ನಾಟಕದ ‘ನಲಿ–ಕಲಿ’ಯಲ್ಲಿ ಪಳಗಿದ ದಾರಿ, 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದದ್ದು. ಕಾರ್ಡುಗಳ ಕ್ರಮ ಅಲ್ಲಿಂದ ತೆಗೆದುಕೊಳ್ಳಬಹುದು. ಪಾಠಗಳು ಮಾತ್ರ ನಮ್ಮ ಬಾಲಭಾರತಿಯ, ಅಂದರೆ ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿಯ, ಪುಸ್ತಕದವೇ ಇರಲಿ, ಮೌಲ್ಯಮಾಪನ ಆ ಪುಸ್ತಕದ ಮೇಲೆಯೇ ನಡೆಯುವುದು.

ಮಲಾಡ್, ವಿಜಯಪುರ ಕಡೆಯವರು

ನೋಡ್ರಿ ಮೇಡಂ, ಒಂದು ಮಾತು ಸೇರಿಸ್ತೀನಿ. ಪುಸ್ತಕದಾಗ ‘ಬರುತ್ತಾನೆ’ ಅಂತ ಇರ್ತದ, ಮಗು ‘ಬರ್ತಾನ’ ಅಂತ ಓದ್ತದ. ಅದನ್ನ ತಪ್ಪು ಅಂತ ಗೆರಿ ಎಳೀಬ್ಯಾಡ್ರಿ. ಅರ್ಥ ತಿಳಕೊಂಡು ತನ್ನ ಮಾತಿಗೆ ತಿರುವಿ ಓದ್ಯಾದ, ಅದು ಓದಿನ ಒಳ್ಳೆ ಗುರುತು. ಪೂರ್ತಿ ಓದಿ ಮುಗಿಸಲಿ, ಆಮೇಲೆ ‘ಪುಸ್ತಕದಾಗ ಹೆಂಗ ಬರದಾರ ನೋಡು’ ಅಂತ ಬೆರಳಿಟ್ಟು ತೋರಿಸ್ರಿ. ಬರವಣಿಗೆಯಾಗ ಪುಸ್ತಕದ ರೂಪ ಎರಡನೇ ಸತ್ರದಿಂದ, ಅಂದ್ರ ವರ್ಷದ ಎರಡನೇ ಅರ್ಧದಿಂದ, ಕೇಳಿದ್ರ ಸಾಕು.

ಊರ ಜಾತ್ರಿಗೆ ಅಂತ ಮೂರು ವಾರ ಹೋಗೋ ಮಕ್ಕಳಿಗೆ ಚೀಲದಾಗ ಒಂದು ಓದೋ ಹಾಳಿ, ಒಂದು ಖಾಲಿ ಪಟ್ಟಿ ಕಳಸ್ರಿ. ಊರಾಗಿನ ಅಂಗಡಿ ಬೋರ್ಡು, ಬಸ್ಸಿನ ಬೋರ್ಡು ಎಲ್ಲಾ ಕನ್ನಡದಾಗ ಇರ್ತಾವ. ದಿನಕ್ಕ ಎರಡು ಬರಕೊಂಡು ಬಾ ಅಂದ್ರ ಖುಷಿಯಿಂದ ಮಾಡ್ತಾವ.

ಪುಣೆಯಿಂದ, ಗಣಿತ ಮತ್ತು ಮರಾಠಿ ಕಲಿಸುವ ಟೀಚರ್

25ಕ್ಕೆ 52 ಬರೆಯುವುದು ಅಜಾಗರೂಕತೆ ಅಲ್ಲ. ಅಂಗಡಿಯಲ್ಲಿ ಮಗು ಕೇಳುವುದು ‘ಪಂಚವೀಸ್’: ಐದು ಮೊದಲು, ಇಪ್ಪತ್ತು ಆಮೇಲೆ. ಕನ್ನಡದಲ್ಲಿ ‘ಇಪ್ಪತ್ತೈದು’: ಇಪ್ಪತ್ತು ಮೊದಲು. ಕಿವಿಗೆ ಬಿದ್ದ ಕ್ರಮದಲ್ಲೇ ಕೈ ಬರೆಯುತ್ತದೆ. ‘ಎಕೋಣತೀಸ್’ ಇನ್ನೂ ಕಷ್ಟ. 30ಕ್ಕೆ ಒಂದು ಕಮ್ಮಿ ಎಂದು ಅದರ ಅರ್ಥ, ಮಗುವಿಗೆ ‘ತೀಸ್’ ಮಾತ್ರ ಕೇಳಿಸಿ 31 ಅಥವಾ 39 ಬರೆದುಬಿಡುತ್ತದೆ. ಮರಾಠಿ ಮಕ್ಕಳಿಗೂ ಇದು ತೊಡಕೇ. 2019ರಲ್ಲಿ ಬಾಲಭಾರತಿಯ ಎರಡನೇ ತರಗತಿ ಗಣಿತ ಪುಸ್ತಕ ‘ವೀಸ್ ಏಕ್, ವೀಸ್ ದೋನ್’ ಎಂಬ ರೀತಿ ತಂದಾಗ ಎಷ್ಟು ಚರ್ಚೆ ಆಯಿತೆಂದು ಬಹಳ ಜನರಿಗೆ ನೆನಪಿರಬಹುದು. ಆ ವಿಷಯದಲ್ಲಿ ಕನ್ನಡದ ಎಣಿಕೆ ನಮ್ಮ ಮಕ್ಕಳಿಗೆ ವರ, ಅದನ್ನು ಬಳಸಿಕೊಳ್ಳಿ.

ನಾಲ್ವರಿಗೆ 100 ಕಡ್ಡಿ, ಹತ್ತರ ಕಟ್ಟಿಗೆ ರಬ್ಬರ್ ಬ್ಯಾಂಡ್. ಸಂಖ್ಯೆ ಹೇಳಿದಾಗ ಮೊದಲು ಕಟ್ಟು ಎತ್ತಬೇಕು, ಆಮೇಲೆ ಬಿಡಿ, ಆಮೇಲೆ ಬರೆಯಬೇಕು. ಎರಡು ವಾರ ಕನ್ನಡದಲ್ಲಿ ಮಾತ್ರ ಹೇಳಿ. ಕೈ ಪಳಗಿದ ಮೇಲೆ ಅದೇ ಕಡ್ಡಿಗೆ ಮರಾಠಿ ಹೆಸರು ಹೇಳಿ. ‘ಪಂಚವೀಸ್’ ಎಂದರೂ ಎರಡು ಕಟ್ಟು, ಐದು ಬಿಡಿ ಎತ್ತಿದರೆ ಕೆಲಸ ಆಯಿತು. ಒಂದೇ ದಿನ ಎರಡೂ ಭಾಷೆಯಲ್ಲಿ ಹೊಸ ಸಂಖ್ಯೆ ಬೇಡ.

ಮರಾಠಿ 2020ರ ಕಾಯ್ದೆಯ ಪ್ರಕಾರ ಎಲ್ಲ ಮಾಧ್ಯಮಕ್ಕೂ ಕಡ್ಡಾಯ, ಒಂದನೇ ತರಗತಿಯಿಂದಲೇ. ಮೊದಲ ತಿಂಗಳುಗಳಲ್ಲಿ ಮರಾಠಿಯನ್ನು ಬಾಯಿಮಾತಲ್ಲಿ, ಹಾಡಿನಲ್ಲಿ ಓಡಿಸಿ. ಕನ್ನಡ ಅಕ್ಷರ ಆರೆಂಟು ವಾರ ಮುಂದಿದ್ದರೆ ಒಳ್ಳೆಯದು. ಮರಾಠಿಯಲ್ಲಿ ಹ್ರಸ್ವ ‘ಎ’, ‘ಒ’ಗೆ ಬೇರೆ ಗುರುತು ಇಲ್ಲ. ಹಾಗಾಗಿ ಎರಡೂ ಲಿಪಿ ಒಟ್ಟಿಗೆ ಕಲಿಯುವ ಮಗು ಕನ್ನಡದಲ್ಲೂ ಆ ಭೇದ ಮರೆಯುತ್ತದೆ. ಬೆಳೆ–ಬೇಳೆ, ಒಲೆ–ಓಲೆ, ಕೊಡು–ಕೋಡು ಜೋಡಿಗಳನ್ನು ಚಿತ್ರದ ಜೊತೆ ವಾರಕ್ಕೆರಡು ಸಲ ಓದಿಸಿ.

ಸಾಯನ್ ಕಡೆಯ ಟೀಚರ್

ಆರೆಂಟು ವಾರ ಎಂಬುದಕ್ಕೆ ನನ್ನ ಒಪ್ಪಿಗೆ ಅರ್ಧ. ಲಂಬಾಣಿ, ತೆಲುಗು ಮನೆಯ ಮಕ್ಕಳಿಗೆ ಕನ್ನಡ ಮಾತೇ ಹೊಸತು, ಅವರಿಗೆ ಅಕ್ಷರಕ್ಕಿಂತ ಮೊದಲು ಮಾತು ಬೇಕು. ಅವರಿಗೆ ವಾರ ಲೆಕ್ಕ ಹಾಕದೆ, ಗುಣಿತದ ಪದ ಬಂದ ಮೇಲೆ ಮರಾಠಿ ಲಿಪಿ ಎಂದು ಇಟ್ಟುಕೊಳ್ಳಿ.

ನಿವೃತ್ತಿಗೆ ಹತ್ತಿರ ಇರುವ ಮುಖ್ಯಾಧ್ಯಾಪಕಿ, ಮುಂಬಯಿ

ತರಬೇತಿಯ ಬಗ್ಗೆ. ಮರಾಠಿ ಗೊತ್ತಿದ್ದರೂ ಅರ್ಧ ತಪ್ಪಿಹೋಗುವುದಕ್ಕೆ ಕಾರಣ, ಕನ್ನಡದ ಹಾಗೇ ಕೇಳಿಸುವ ಪದಗಳು. ಅಲ್ಲಿ ‘ಕೃತಿ’ ಎಂದರೆ ನಮ್ಮ ಚಟುವಟಿಕೆ. ‘ಗೃಹಪಾಠ’ ಎಂದರೆ ಮನೆಗೆಲಸ, ನಮ್ಮ ಮನೆಪಾಠದಂತೆ ಟ್ಯೂಷನ್ ಅಲ್ಲ. ‘ಸ್ವಾಧ್ಯಾಯ’ ಪಾಠದ ಕೊನೆಯ ಅಭ್ಯಾಸ, ‘ಅಧ್ಯಯನ ನಿಷ್ಪತ್ತಿ’ ಕಲಿಕಾ ಫಲ, ‘ಪರಿಪಾಠ’ ಬೆಳಗಿನ ಪ್ರಾರ್ಥನಾ ಸಭೆ, ‘ನೋಂದಿ’ ದಾಖಲೆ. ನೋಟ್‌ಬುಕ್ಕಿನ ಕೊನೆಯ ಹಾಳೆಗೆ ಇಂಥ ಪಟ್ಟಿ ಬೆಳೆಸುತ್ತ ಹೋಗಿ, ಆರು ತಿಂಗಳಿಗೆ ತೊಂದರೆ ಕರಗುತ್ತದೆ.

2020ರ ಶಿಕ್ಷಣ ನೀತಿ ವರ್ಷಕ್ಕೆ 50 ಗಂಟೆ ವೃತ್ತಿ ಬೆಳವಣಿಗೆ ಕೇಳುತ್ತದೆ. ದೀಕ್ಷಾ ಎಂಬ ಸರ್ಕಾರಿ ಆನ್‌ಲೈನ್ ಕಲಿಕಾ ವೇದಿಕೆಯಲ್ಲಿ ಪ್ರಮಾಣಪತ್ರ ಸಿಗುತ್ತದೆ, ಸಿಗಲಿ. ಆದರೆ ತರಬೇತಿಯಿಂದ ಬಂದ ದಿನವೇ ಒಂದೇ ಒಂದು ವಿಷಯ ಆರಿಸಿ, ಎರಡು ವಾರ ಅದನ್ನೇ ಮಾಡಿ, ಏನಾಯಿತೆಂದು ಮೂರು ಸಾಲು ಬರೆಯಿರಿ. ಐದು ವಿಷಯ ಒಟ್ಟಿಗೆ ಹಿಡಿದರೆ ಐದೂ ಬಿಟ್ಟುಹೋಗುತ್ತವೆ.

ನಿಮ್ಮ ಪಾಠ ನೀವೇ ನೋಡಿಕೊಳ್ಳಲು ಫೋನಿನಲ್ಲಿ 10 ನಿಮಿಷ ಧ್ವನಿ ಹಿಡಿಯಿರಿ, ನಿಮಗೆ ಮಾತ್ರ. ಮಕ್ಕಳು ಕೂತ ಜಾಗದ ನಕ್ಷೆ ಬರೆದು ಯಾರು ಉತ್ತರ ಹೇಳಿದರೋ ಅಲ್ಲಿ ಚುಕ್ಕಿ ಇಡಿ. ಸಾಮಾನ್ಯವಾಗಿ ಚುಕ್ಕಿಗಳು ಮುಂದಿನ ಸಾಲಿನ ನಾಲ್ಕೈದು ಮಕ್ಕಳ ಮೇಲೆ ಗುಂಪುಗೂಡಿರುತ್ತವೆ. ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾದಿರಿ ಎಂದೂ ಎಣಿಸಿ. ಒಂದೇ ಸೆಕೆಂಡಿಗೆ ನಾವೇ ಉತ್ತರ ಹೇಳಿಬಿಡುತ್ತೇವೆ. ಮನಸ್ಸಿನಲ್ಲಿ ಐದು ಎಣಿಸಿದರೆ ಹಿಂದಿನ ಸಾಲಿನ ಕೈಗಳೂ ಏಳುತ್ತವೆ.

ಆಕಾರಿಕ ಮೌಲ್ಯಮಾಪನದ (ಕಲಿಯುತ್ತಿರುವಾಗಲೇ ನಡೆಸುವ ಮೌಲ್ಯಮಾಪನ) ನೋಂದಿಯನ್ನು ಸತ್ರದ ಕೊನೆಗೆ ಕೂತು ಬರೆಯಬೇಡಿ. ಎಲ್ಲರಿಗೂ ‘ಚೆನ್ನಾಗಿ ಓದುತ್ತಾನೆ’ ಎಂದೇ ಬರುತ್ತದೆ. ದಿನಕ್ಕೆ ಐದು ಮಕ್ಕಳು, ಒಂದೊಂದು ವಾಕ್ಯ: ‘ಬೇಳೆಯನ್ನು ಬೆಳೆ ಎಂದು ಓದಿದ, ಎರಡನೇ ಸಲ ತಾನೇ ತಿದ್ದಿಕೊಂಡ.’ ಇಂಥ ವಾಕ್ಯ ಇದ್ದರೆ ನಾಳೆ ಏನು ಕಲಿಸಬೇಕೆಂದು ಅದೇ ಹೇಳುತ್ತದೆ.

ಬುನಾದಿ ಓದು–ಲೆಕ್ಕಕ್ಕೆಂದು ಕೇಂದ್ರ ಸರ್ಕಾರ ತಂದ ನಿಪುಣ್ ಭಾರತ ಯೋಜನೆಯ ಗುರಿಯಲ್ಲಿ ಎರಡನೇ ತರಗತಿಗೆ ನಿಮಿಷಕ್ಕೆ 45–60 ಪದ ಎಂದಿದೆ. ಗಾಬರಿಯಾಗಬೇಡಿ. ಕನ್ನಡದ ‘ಓದುತ್ತಿದ್ದಾಳೆ’ ಒಂದೇ ಪದ, ಹಿಂದಿಯಲ್ಲಿ ಅದೇ ಮೂರು. ಭಾಷೆಗೊಂದು ಅಳತೆ ಬೇಕೆಂದೇ 2022ರ ಬುನಾದಿ ಕಲಿಕಾ ಅಧ್ಯಯನ 20 ಭಾಷೆಗಳಲ್ಲಿ ಬೇರೆ ಬೇರೆಯಾಗಿ ನಡೆಯಿತು. ವೇಗದ ಜೊತೆ ‘ಏನು ಓದಿದೆ?’ ಎಂಬಂಥ ಎರಡು ಪ್ರಶ್ನೆ ತಪ್ಪದೆ ಕೇಳಿ.

ಕೇಳಿದವರು

ಎಲ್ಲರಿಗೂ ತುಂಬ ಧನ್ಯವಾದ. ನಾಳೆಯಿಂದಲೇ ಚೀಟಿ ಶುರು. ಒಂದು ಉಳಿಯಿತು: ಆ ಆರು ಒತ್ತು ಗೋಡೆಗೆ ಹಾಕಿ ಎಂದಿರಿ, ಮಧ್ಯಾಹ್ನ ಕೋಣೆ ಬೇರೆಯವರದು, ಗೋಡೆ ನಮ್ಮದಲ್ಲ.

ಘಾಟ್ಕೋಪರ್‌ನ ಸರ್

ಗೋಡೆಯ ಬದಲು ಹಗ್ಗ. ಎರಡು ಕಿಟಕಿ ಸರಳಿಗೆ ನೈಲಾನ್ ಹಗ್ಗ, ಬಟ್ಟೆ ಒಣಹಾಕುವ ಕ್ಲಿಪ್ 30. ಮಕ್ಕಳ ಕಣ್ಣಿನ ಎತ್ತರಕ್ಕೆ ಕಟ್ಟಿ, ದೊಡ್ಡವರ ಎತ್ತರಕ್ಕಲ್ಲ. ಹಾಕುವುದು, ತೆಗೆಯುವುದು ಮಕ್ಕಳದೇ ಸರದಿ, ಮೂರು ನಿಮಿಷ. ತೆಗೆಯುವಾಗ ಕಾರ್ಡ್ ಓದಿ ಡಬ್ಬಿಗೆ ಹಾಕಬೇಕು ಎಂದು ನಿಯಮ ಮಾಡಿ. ಮಳೆಗಾಲದಲ್ಲಿ ತೆಳು ಚಾರ್ಟ್ ಸುರುಳಿ ಸುತ್ತುತ್ತದೆ, ಬಿಸ್ಕೆಟ್ ಪೆಟ್ಟಿಗೆಯ ರಟ್ಟಿಗೆ ಅಂಟಿಸಿ ಮೇಲೆ ಅಗಲದ ಸೆಲ್ಲೋ ಟೇಪ್ ಎಳೆಯಿರಿ, ಅಂಚು ಸಮೇತ. ಅಂಚು ಬಿಟ್ಟರೆ ಜುಲೈ ಮುಗಿಯುವುದರೊಳಗೆ ಬೂಷ್ಟು ಹಿಡಿಯುತ್ತದೆ. ಡಬ್ಬಿಯನ್ನು ನೆಲದ ಮೇಲೆ ಇಡಬೇಡಿ, ಕಪಾಟಿನ ಮೇಲಿನ ತಟ್ಟೆಯಲ್ಲಿಡಿ.