ತಮ್ಮನಿಗೆ ಹಾಡ್‌ಕಿನ್ ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್), ಸ್ಟೇಜ್ 2ಎ. ರೇಡಿಯೇಷನ್ ಬೇಕೇ ಬೇಕಾ? ಅನುಭವ ಇದ್ದವರು ಹೇಳಿ

ದಾವಣಗೆರೆ ಅಕ್ಕ: ತಮ್ಮನಿಗೆ 24 ವರ್ಷ. ಕುತ್ತಿಗೆ ಮತ್ತು ಎದೆಯ ಗಂಟುಗಳಲ್ಲಿ ಮಾತ್ರ ಇದೆ. ಜ್ವರ ಇಲ್ಲ, ತೂಕ ಇಳಿದಿಲ್ಲ. ಒಬ್ಬ ಡಾಕ್ಟರ್ 4 ಸೈಕಲ್ ಎಬಿವಿಡಿ (ನಾಲ್ಕು ಔಷಧಿ ಸೇರಿದ ಕೀಮೋ), ಆಮೇಲೆ ರೇಡಿಯೇಷನ್ ಅಂದರು. ಇನ್ನೊಬ್ಬರು ಪೆಟ್ ಸ್ಕ್ಯಾನ್ ಕ್ಲಿಯರ್ ಬಂದರೆ ರೇಡಿಯೇಷನ್ ಬಿಡಬಹುದು ಅಂದರು. ಕೆಲಸಕ್ಕೆ ಸೇರಿ ಇನ್ನೂ ವರ್ಷ ಆಗಿಲ್ಲ. ರಜೆ ಎಷ್ಟು ಹಾಕಬೇಕಾಗುತ್ತದೆ? ಪೂರ್ತಿ ಗುಣ ಆಗುತ್ತಾ?

ಕೋಲಾರದ ಚಿನ್ನ: ಬಯಾಪ್ಸಿ ಗಂಟು ಇಡಿಯಾಗಿ ತೆಗೆದು ಮಾಡಿದ್ದಾ, ಸೂಜಿ ಚುಚ್ಚಿ ಮಾಡಿದ್ದಾ? ನನಗೆ ಸೂಜಿ ಹಾಕಿ ನೋಡಿ ಟಿಬಿ ಅಂದುಬಿಟ್ಟರು. ತಿಂಗಳುಗಟ್ಟಲೆ ಟಿಬಿ ಮಾತ್ರೆ ನುಂಗಿದೆ. ಮೂತ್ರ ಕಿತ್ತಳೆ ಬಣ್ಣ, ಹೊಟ್ಟೆಗೆ ಅನ್ನ ಸೇರುತ್ತಿರಲಿಲ್ಲ, ಗಂಟು ಮಾತ್ರ ಇದ್ದಲ್ಲೇ ಇತ್ತು. ಕೊನೆಗೆ ಆಪರೇಷನ್ ಮಾಡಿ ಗಂಟು ತೆಗೆದು ಲ್ಯಾಬಿಗೆ ಕೊಟ್ಟಾಗ ಹಾಡ್‌ಕಿನ್. ಅಷ್ಟರಲ್ಲಿ ಸ್ಟೇಜ್ 3. ಸ್ಟೇಜ್ 2ರಲ್ಲೇ ಗೊತ್ತಾದವರನ್ನು ಕಂಡರೆ ಈಗಲೂ ಹೊಟ್ಟೆ ಉರಿಯುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಜಯನಗರ 4ನೇ ಬ್ಲಾಕ್: ನಾನು ರೇಡಿಯೇಷನ್ ಬೇಡ ಅಂದೆ, ಆರಾಮಾಗಿದ್ದೇನೆ. 2 ಸೈಕಲ್ ಆದ ಮೇಲೆ ಪೆಟ್, ಡೋವಿಲ್ ಸ್ಕೋರ್ (1ರಿಂದ 5, ಕಡಿಮೆ ಇದ್ದಷ್ಟು ಒಳ್ಳೇದು) 2 ಬಂತು, ಅಂದರೆ ಕ್ಲಿಯರ್. ಎದೆಗೆ ರೇಡಿಯೇಷನ್ ಕೊಟ್ಟರೆ ಹತ್ತಿಪ್ಪತ್ತು ವರ್ಷ ಆದ ಮೇಲೂ ಹಾರ್ಟ್ ತೊಂದರೆ ಬರಬಹುದು. ಹೆಣ್ಣುಮಕ್ಕಳಿಗೆ ಸ್ತನ ಕ್ಯಾನ್ಸರ್ ಭಯ ಬೇರೆ. ಖರ್ಚು ಕೇಳಿ: ಒಂದು ಸಲದ ಕೀಮೋಗೆ ಔಷಧಿ ಸುಮಾರು 9,000, ಡೇಕೇರ್ ಬೆಡ್ 4,500, ರಕ್ತ ಪರೀಕ್ಷೆ 1,200. ಪೆಟ್ ಒಂದಕ್ಕೇ 19,000. ಇನ್ಶೂರೆನ್ಸ್‌ನವರು ರೂಮ್ ರೆಂಟ್ ಮಿತಿ ದಾಟಿತು ಅಂತ ರೂಮಿನದಷ್ಟೇ ಅಲ್ಲ, ಡಾಕ್ಟರ್ ಫೀಸನ್ನೂ ಅದೇ ಲೆಕ್ಕದಲ್ಲಿ ಕಡಿದರು. ಅದು ಯಾವ ನ್ಯಾಯ? ಅವರ ಜೊತೆ ಮೇಲ್ ಜಗಳ ಇನ್ನೂ ನಡೆಯುತ್ತಿದೆ.

ಹುಬ್ಬಳ್ಳಿ ಪೇಡೆ: ಜಯನಗರದವರೇ, ನಿಮಗೆ ಕಾಯಿಲೆ ವಾಪಸ್ ಬರಲಿಲ್ಲ, ಒಳ್ಳೇದಾಯ್ತು. ನಮ್ಮ ಯಜಮಾನರಿಗೆ ಬಂತು ನೋಡ್ರಿ. ಅವರೂ ಪೆಟ್ ಕ್ಲಿಯರ್ ಅಂತ ರೇಡಿಯೇಷನ್ ಬಿಟ್ಟವರೇ. ಆಮೇಲೆ ಜೋರು ಡೋಸಿನ ಕೀಮೋ, ಸ್ಟೆಮ್ ಸೆಲ್ ಟ್ರಾನ್ಸ್‌ಪ್ಲಾಂಟ್. ಊರಿನ ಸೈಟು ಮಾರಿದೆವು. 2015ರಲ್ಲಿ ಬಂದ ರಾಪಿಡ್ ಟ್ರಯಲ್ (ರೋಗಿಗಳ ಮೇಲೆ ಮಾಡಿದ ಅಧ್ಯಯನ) ಓದಿದ್ದೀರಾ? ಅಲ್ಲೂ ಪೆಟ್ ಕ್ಲಿಯರ್ ಬಂದವರೇ. ರೇಡಿಯೇಷನ್ ತೆಗೆದುಕೊಂಡವರಲ್ಲಿ 3 ವರ್ಷದ ಹೊತ್ತಿಗೆ ಕಾಯಿಲೆ ತಿರುಗಿ ಬರದೆ ಇದ್ದವರು 94.6%, ಬಿಟ್ಟವರಲ್ಲಿ 90.8%.

ಜಯನಗರ 4ನೇ ಬ್ಲಾಕ್: ಮೇಡಂ, ಅದೇ ಟ್ರಯಲ್‌ನಲ್ಲಿ ಬದುಕುಳಿದವರ ಲೆಕ್ಕ ಯಾಕೆ ಬಿಟ್ಟಿರಿ? ಎರಡೂ ಕಡೆ ಹೆಚ್ಚುಕಮ್ಮಿ ಒಂದೇ. ಅಂದರೆ 100 ಜನಕ್ಕೆ ರೇಡಿಯೇಷನ್ ಕೊಟ್ಟರೆ ಉಪಯೋಗ ಆಗುವುದು ನಾಲ್ಕು ಜನಕ್ಕೆ. ಮಿಕ್ಕವರು ಸುಮ್ನೆ ಸುಟ್ಟುಕೊಂಡ ಹಾಗೆ.

ಹುಬ್ಬಳ್ಳಿ ಪೇಡೆ: ಆ ನಾಲ್ಕು ಜನರಲ್ಲಿ ಒಬ್ಬರು ನಮ್ಮ ಮನೆಯಲ್ಲಿ ಇದ್ದಾರೆ. ನೀವು ಪರ್ಸೆಂಟೇಜ್ ಹಾಕಿಕೊಂಡು ಕೂತಿರಿ.

ಉಡುಪಿ ಭಟ್: ನನ್ನ ಲಿಂಫೋಮಾಗೆ ರಿಟುಕ್ಸಿಮ್ಯಾಬ್ ಅನ್ನೋ ಔಷಧಿ ಕೊಟ್ಟರು. ವಿದೇಶಿ ಬ್ರ್ಯಾಂಡ್ ಬೇಡ, ಇಲ್ಲಿನ ಬಯೋಸಿಮಿಲರ್ (ಅದೇ ತರಹ ಕೆಲಸ ಮಾಡುವ ಅಗ್ಗದ ಔಷಧಿ) ಸಾಕು. ನಮ್ಮ ದೇಶದಲ್ಲಿ 2007ರಿಂದಲೇ ಇದೆ. ಅರ್ಧಕ್ಕರ್ಧ ಉಳಿಯುತ್ತದೆ.

ಕೋಲಾರದ ಚಿನ್ನ: ಭಟ್ಟರೇ, ನಿಮ್ಮದು ಡಿಎಲ್‌ಬಿಸಿಎಲ್, ಬೇರೆ ಬಗೆಯ ಲಿಂಫೋಮಾ ಅಲ್ವಾ? ಇದು ಹಾಡ್‌ಕಿನ್. ಸಾಮಾನ್ಯವಾಗಿ ರಿಟುಕ್ಸಿಮ್ಯಾಬ್ ಇಲ್ಲಿಗೆ ಬರುವುದೇ ಇಲ್ಲ. ಸುಮ್ನೆ ಗಾಬರಿ ಮಾಡಬೇಡಿ.

ಉಡುಪಿ ಭಟ್: ಹೆಸರು ಬೇರೆ ಇರಬಹುದು, ಬಿಲ್ ಕಟ್ಟುವ ಸಂಕಟ ಒಂದೇ ಮಾರಾಯ್ರೇ.

ಮಲೆನಾಡ ಮಳೆ: ಕೀಮೋ ಶುರು ಮಾಡುವ ಮೊದಲು ಒಂದು ತಿಂಗಳು ಅಮೃತಬಳ್ಳಿ ಕಷಾಯ ಕೊಟ್ಟು ನೋಡಿ. ನಮ್ಮ ಚಿಕ್ಕಪ್ಪನಿಗೆ ಗಂಟು ಕರಗಿತು.

ಬ್ಲಿಯೋ ಬಲಿಪಶು: ಚಿಕ್ಕಪ್ಪನ ಬಯಾಪ್ಸಿ ರಿಪೋರ್ಟ್ ಇದ್ದರೆ ಹೇಳಿ, ಇಲ್ಲದಿದ್ದರೆ ಸುಮ್ಮನಿರಿ. ಅಮೃತಬಳ್ಳಿಯಿಂದ ಲಿವರ್ ಕೆಟ್ಟವರೂ ಇದ್ದಾರೆ. ಮೊದಲ ಸ್ಟೇಜ್‌ಗಳಲ್ಲಿ ಹಿಡಿದರೆ ಹತ್ತರಲ್ಲಿ ಒಂಬತ್ತಕ್ಕಿಂತ ಜಾಸ್ತಿ ಜನ ಗುಣ ಆಗುವ ಕಾಯಿಲೆ ಇದು. ತಿಂಗಳು ಕಳೆಯಬೇಡಿ.

ನನ್ನ ಕಥೆ ರೇಡಿಯೇಷನ್‌ದಲ್ಲ, ಎಬಿವಿಡಿಯ ‘ಬಿ’ದು, ಅಂದರೆ ಬ್ಲಿಯೋಮೈಸಿನ್. ಮೂರನೇ ಸೈಕಲ್ ಹೊತ್ತಿಗೆ ಒಣ ಕೆಮ್ಮು. ನೆಗಡಿ ಅಂತ ಸಿರಪ್ ಕೊಟ್ಟರು. ಮನೆ ಮೆಟ್ಟಿಲು ಹತ್ತಲು ಎರಡು ಕಡೆ ಕೂರಬೇಕಾಯಿತು. ಸಿಟಿ ತೆಗೆದರೆ ಶ್ವಾಸಕೋಶದಲ್ಲಿ ಉರಿಯೂತ. ಬ್ಲಿಯೋ ನಿಲ್ಲಿಸಿ ಸ್ಟಿರಾಯ್ಡ್ ಕೊಟ್ಟರು. ಸ್ಟಿರಾಯ್ಡಿಗೆ ಶುಗರ್ ಏರಿತು, ಅದಕ್ಕೆ ಇನ್ಸುಲಿನ್. ಈಗಲೂ ಆಟೋ ಹೊಗೆಗೆ ಕೆಮ್ಮು ಬರುತ್ತದೆ. ‘ಡಿ’ (ಡಕಾರ್ಬಜೀನ್) ಹಾಕುವ ದಿನ ಬಾಟಲಿಗೆ ಕಪ್ಪು ಕವರ್ ಸುತ್ತುತ್ತಾರೆ, ಬೆಳಕು ಬಿದ್ದರೆ ಔಷಧಿ ಕೆಡುತ್ತದೆ. ಆದರೆ ಟ್ಯೂಬಿಗೆ ಯಾರೂ ಸುತ್ತಲಿಲ್ಲ. ಕೈ ನರ ಮೊಣಕೈವರೆಗೆ ಉರಿದು ಹಗ್ಗದ ಹಾಗೆ ಗಟ್ಟಿಯಾಯಿತು. ಪೋರ್ಟ್ (ಎದೆಯ ಚರ್ಮದಡಿ ಇಟ್ಟು ದೊಡ್ಡ ನರಕ್ಕೆ ಔಷಧಿ ಕೊಡುವ ಸಾಧನ) ಹಾಕಿಸಿ ಎಂದು ಒಬ್ಬರೂ ಹೇಳಲಿಲ್ಲ.

ಜಯನಗರ 4ನೇ ಬ್ಲಾಕ್: ಪೋರ್ಟ್‌ಗೆ ಮತ್ತೆ 30,000. ಕೈ ನರಕ್ಕೇ ಹಾಕಿಸಿಕೊಂಡೆ, ಏನೂ ಆಗಲಿಲ್ಲ.

ಬ್ಲಿಯೋ ಬಲಿಪಶು: ನಿಮಗೆ ಯಾವುದೂ ಆಗಿಲ್ಲ ಬಿಡಿ ಸರ್. ಬೇರೆಯವರಿಗೆ ಆಗಿದೆ.

ತುಮಕೂರು ತೆಂಗು: ಹುಡುಗ 24 ವರ್ಷದವನು. ಕೀಮೋಗೆ ಮೊದಲು ವೀರ್ಯ ಶೇಖರಿಸಿ ಇಡುವ ವಿಷಯ ಕೇಳಿ. ಎಬಿವಿಡಿಯಲ್ಲಿ ಆ ಅಪಾಯ ಕಡಿಮೆ, ಆದರೆ ವಾಪಸ್ ಬಂದು ಜೋರು ಕೀಮೋ ಕೊಡಬೇಕಾದರೆ ಆಗ ತಡ. ನಮ್ಮಲ್ಲಿ ಅಪ್ಪನ ಎದುರು ಈ ಮಾತು ಎತ್ತಲು ನಾಚಿಕೆ ಪಟ್ಟು ಬಿಟ್ಟೆವು. ಈಗ ಹೆಣ್ಣಿನ ಕಡೆಯವರು ಬಂದಾಗೆಲ್ಲ ಅದೇ ಪ್ರಶ್ನೆ.

ದಾವಣಗೆರೆ ಅಕ್ಕ: ಎಲ್ಲರಿಗೂ ಥ್ಯಾಂಕ್ಸ್. ಬೆಂಗಳೂರಿಗೆ ಹೋಗಿ ಬರುವುದೇ ಚಿಂತೆ. ರಜೆ ಬಗ್ಗೆ ಯಾರಾದರೂ ಹೇಳುತ್ತೀರಾ?

ಕೋಲಾರದ ಚಿನ್ನ: ಬೆಂಗಳೂರಿನ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಕಿದ್ವಾಯಿಯಲ್ಲಿ ತೋರಿಸಿ. ಬಿಪಿಎಲ್ ಕಾರ್ಡ್ ಇದ್ದರೆ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ 5 ಲಕ್ಷದವರೆಗೆ ಖರ್ಚು ಸಿಗುತ್ತದೆ. ಕ್ಯಾನ್ಸರ್ ಪೇಷಂಟ್‌ಗೆ ರೈಲಿನ ಸ್ಲೀಪರ್‌ನಲ್ಲಿ ಟಿಕೆಟ್ ಫ್ರೀ, ಜೊತೆಗೆ ಬರುವವರಿಗೂ ಫ್ರೀ.

ತುಮಕೂರು ತೆಂಗು: ಜೊತೆಯವರಿಗೆ ಫ್ರೀ ಅಲ್ಲ, 75% ರಿಯಾಯಿತಿ. ಕೌಂಟರಿನಲ್ಲಿ ಇದೇ ವಾದ ಮಾಡುತ್ತಾ ನಮ್ಮಣ್ಣ ರೈಲು ತಪ್ಪಿಸಿಕೊಂಡಿದ್ದ. ಗೊತ್ತಿಲ್ಲದ್ದನ್ನು ಬರೆಯಬೇಡಿ.