ಅಪ್‌ಡೇಟ್: ಅಪ್ಪನ ಶುಗರ್ ಮತ್ತು ಜೋಳದ ರೊಟ್ಟಿ

ಕಲಬುರಗಿಯಲ್ಲಿರುವ ನಮ್ಮಪ್ಪನಿಗೆ ಶುಗರ್ ಬಂದಿದೆ, ಜೋಳದ ರೊಟ್ಟಿ ಪೂರ್ತಿ ಬಿಡಿಸಬೇಕಾ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಎಚ್‌ಬಿಎ1ಸಿ 8.9 ಇದ್ದದ್ದು ಈಗ 7.1ಕ್ಕೆ ಇಳಿದಿದೆ! ಅದು ಸುಮಾರು 3 ತಿಂಗಳ ಸರಾಸರಿ ತೋರಿಸುವ ಪರೀಕ್ಷೆ, ಅದಕ್ಕೇ ಇಷ್ಟು ಖುಷಿ.

ರೊಟ್ಟಿ ಬಿಡಿಸಿಲ್ಲ. ಜೋಳದಲ್ಲಿ ನಾರು ಇದೆ, ಆದರೆ ಪಿಷ್ಟವೂ ಇದೆ, ಲೆಕ್ಕ ಇರಲಿ ಅಂದರು ಡಾಕ್ಟರು. ಮೊದಲು ನಾಲ್ಕು ರೊಟ್ಟಿ, ಮೇಲೆ ತಟ್ಟೆ ತುಂಬ ಅನ್ನ. ಈಗ ಎರಡು ರೊಟ್ಟಿ, ಒಂದು ಸೌಟು ಅನ್ನ. ತಟ್ಟೆಯ ಅರ್ಧ ಪಲ್ಯವೇ. ಪುಂಡಿ ಪಲ್ಯಕ್ಕೆ ಅಮ್ಮ ನಮ್ಮೂರ ತೊಗರಿ ಬೇಳೆ ಜಾಸ್ತಿ ಹಾಕುತ್ತಾಳೆ. ಮೊದಲು ಸೌತೆಕಾಯಿ, ಪಲ್ಯ, ಬೇಳೆ; ರೊಟ್ಟಿ ಆಮೇಲೆ. ಈ ಕ್ರಮದಲ್ಲಿ ತಿಂದರೆ ಊಟದ ನಂತರ ಶುಗರ್ ಕಡಿಮೆ ಏರುತ್ತದೆ. ಮನೆಯ ಗ್ಲುಕೋಮೀಟರ್‌ನಲ್ಲೇ ನೋಡಿದೆವು.

ಕಷ್ಟ ಆದದ್ದು ಚಹಾ. ಸಕ್ಕರೆ ಬಿಟ್ಟು ಬೆಲ್ಲ ಹಾಕ್ಕೊಂಡರೆ ನಡೀತದ ಅಂತ ಅಪ್ಪನ ವಾದ. ಬೆಲ್ಲವೂ ಶುಗರ್ ಏರಿಸುತ್ತದೆ ಅಲ್ವಾ? ಒಪ್ಪಿಸೋಕೆ ಬಹಳ ದಿನ ಬೇಕಾಯಿತು. ಈಗ ಅವರ ಗೆಳೆಯರೇ ಹೋಟೆಲಿನಲ್ಲಿ "ಒಂದು ಸಕ್ಕರೆ ಇಲ್ದಂಗ" ಅಂತ ಕೂಗಿ ಹೇಳುತ್ತಾರೆ. ಅವರಿಗೆ ನಾನು ಋಣಿ.

ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ ಎಲ್ಲರ ಜೊತೆ ಕೂತು ತಿಂದರು. ಹೋಳಿಗೆ ಅರ್ಧ ಮಾತ್ರ. ಆಮೇಲೆ ಬದುವಿನ ಗುಂಟ ಒಂದು ಸುತ್ತು ನಡೆದರು.

ಮಾತ್ರೆ ಏನೂ ನಿಲ್ಲಿಸಿಲ್ಲ, ದಯವಿಟ್ಟು ನೀವೂ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಮುಂದಿನ ವಾರ ಕಣ್ಣಿನ ರೆಟಿನಾ ಪರೀಕ್ಷೆ ಇದೆ.